ಚಿಲಕದ ಮೇಲಿನ ಕೈ

ಅರವತ್ತೆಂಟರ ಆಟಿ ತಿಂಗಳ ಮಳೆಗೆ ನೇತ್ರಾವತಿ ಹೊಳೆ ಬಂಟ್ವಾಳದ ಪೇಟೆಗೇ ಏರಿ ಬಂದ ಸಂಜೆ, ಗುರುವಾಯನಕೆರೆಯ ಬಸ್ಸು ನಿಂತುಹೋಗಿ, ಶಶಿಪ್ರಭಾ ಟೀಚರೂ ಇನ್ನು ನಾಲ್ವರು ಪ್ರಯಾಣಿಕರೂ ಸರಕು ತುಂಬಿಡುವ ಹಳೆಯ ಬಂಡಸಾಲೆಯೊಂದರ ಮಾಳಿಗೆ ಹತ್ತಿ ಕುಳಿತಿದ್ದರು. ಕೆಳಗೆ ನೀರು, ಮೇಲೆ ಮಳೆ. ತೇಲಿಬಂದ ಮರದ ತುಂಡು ಗೋಡೆಗೆ ಬಡಿಯುವ ಸದ್ದು ಬೇರೆ. ಬಂಡಸಾಲೆ ಕಾಯುವ ಮುದುಕ ಸಂಕಪ್ಪ ಒಳಕೋಣೆಯ ಬಾಗಿಲಿಗೆ ಒರಗಿ, ಬಲಗೈಯನ್ನು ಚಿಲಕದ ಮೇಲಿಟ್ಟು ಕುಳಿತವನು ಕದಲಿರಲಿಲ್ಲ. ಒದ್ದೆ ಗಂಟುಗಳನ್ನು ಆ ಕೋಣೆಯಲ್ಲಿಡುವ ಎಂದು ಟೀಚರ್ ಎದ್ದಾಗ ಅವನು ತಲೆಯಾಡಿಸಿದ.

“ಅದು ಆಗ್ಲಿಕ್ಕಿಲ್ಲ ಟೀಚರೇ. ಕೂತ್ಕೊಳ್ಳಿ, ಹೇಳ್ತೇನೆ. ನೀರು ಇಳಿಯದೆ ನೀವಾದ್ರೂ ಎಲ್ಲಿಗೆ ಹೋಗ್ತೀರಿ?

“ಹತ್ತು ವರ್ಷದ ಹಿಂದೆ ಇದೇ ಮಾಳಿಗೆಯಲ್ಲಿ ಸಿನೆಮಾ ತೆಗೆದ್ರು. ಡೈರೆಕ್ಟರ್ ಕಮಲಾಕ್ಷ, ಬೆಳುವಾಯಿಯವ. ನಾಟಕದಲ್ಲಿ ಬೊಬ್ಬೆ ಹೊಡೆದು ಅಭ್ಯಾಸ ಆದ ನನ್ನಂಥವನನ್ನೂ ಪಕ್ಕದಲ್ಲಿ ಕೂರಿಸಿ, ನಮ್ಮೊಟ್ಟಿಗೇ ಉಂಡು, ನಮ್ಮೊಟ್ಟಿಗೇ ಅತ್ತು ಕಲಿಸಿದವ... ಅವನದ್ದೊಂದು ಪದ್ಧತಿ ಉಂಟು. ‘ಕಟ್’ ಅಂತ ಕೂಗುವವನಲ್ಲ; ಕೂಗಿದ್ರೆ ನಟನ ಜೀವ ಬೆಚ್ಚಿ ಬೀಳ್ತದಂತೆ. ಮೆಲ್ಲ ಬಂದು ಹೆಗಲು ಮುಟ್ಟುವುದು. ಮುಟ್ಟುವವರೆಗೆ ಆಕಾಶ ಬಿದ್ರೂ ಪಾತ್ರ ಬಿಡ್ಬಾರ್ದು.

“ಸಿನೆಮಾದಲ್ಲಿ ನೀಲಾವತಿ ಅಂತ ಒಂದು ಹುಡುಗಿ ಸೊಸೆ, ನಾನು ಮಾವ. ಮನೆಗೆ ಬೆಂಕಿ ಬಿದ್ದಾಗ ಮಾವ ಅವಳನ್ನು ಈ ಕೋಣೆಯ ಒಳಗೆ ದೂಡಿ ಚಿಲಕ ಹಾಕಿ ನಿಲ್ಲುವುದು. ‘ಬಾಯಿಗೆ ಬಂದದ್ದು ಹೇಳಿ ಅಳು ತಂಗಿ’ ಅಂದಿದ್ದ ಕಮಲಾಕ್ಷ. ಬಾಗಿಲ ಸಂದಿಯಲ್ಲಿ ಹೊಗೆ ಕಾಣಲಿ ಅಂತ ಒಳಗೆ ತೆಂಗಿನ ಸಿಪ್ಪೆಗೆ ಕೆಂಡ ಹಾಕಿ ಇಟ್ಟಿದ್ರು. ಕಿಟಕಿಯಿಲ್ಲದ ಕೋಣೆ... ಯಾರಿಗೆ ಹೊಳೀತು?

“ಅಬ್ಬಾ, ಅವಳು ಅತ್ತದ್ದು! ಕ್ಯಾಮರಾದವನಿಗೂ ಕಣ್ಣೀರು. ಕಡೆಗೆ ‘ಕಮಲಾಕ್ಷಣ್ಣ, ಸಾಕು, ತೆಗೀರಿ’ ಅಂದಳು. ಕತೆಯಲ್ಲಿ ಕಮಲಾಕ್ಷ ಅಂತ ಯಾರಿದ್ದಾರೆ ಮಾರಾಯ್ರೆ? ನನಗೆ ಗೊತ್ತಾಯ್ತು... ಗೊತ್ತಾಯ್ತು ಟೀಚರೇ. ಆದ್ರೆ ಹೆಗಲು ಮುಟ್ಟಿರ್ಲಿಲ್ಲ. ಅವನ ಮುಖ ನೋಡಿದೆ. ಇನ್ನೊಂದು ಗಳಿಗೆ ಅಂತ ಕೈಸನ್ನೆ ಮಾಡಿದ. ಅವನು ಹೆಗಲು ಮುಟ್ಟಿ, ನಾನು ಚಿಲಕ ತೆಗೆಯುವಾಗ ಅವಳು ಬಾಗಿಲಿಗೇ ಒರಗಿ ಕೂತಿದ್ದಳು. ಜೀವ ಇರ್ಲಿಲ್ಲ.

“ಮರುವರ್ಷ ಇದೇ ಆಟಿಯಲ್ಲಿ ಅವನೊಬ್ಬನೇ ಬಂದ. ಕಿವಿಯಲ್ಲಿ ಅವಳ ಸ್ವರ ನಿಲ್ಲುವುದಿಲ್ಲವಂತೆ. ‘ಸಂಕಪ್ಪಣ್ಣ, ಅವಳಿಗೆ ಹೇಗಾಯ್ತು ಅಂತ ನಾನೂ ನೋಡ್ತೇನೆ. ಹೆಗಲು ಮುಟ್ಟದೆ ತೆಗೀಬೇಡಿ’ ಅಂತ ಒಳಗೆ ಹೋದ. ಒಳಗಿದ್ದವ ಹೊರಗಿನವನ ಹೆಗಲು ಮುಟ್ಟುವುದು ಹೇಗೆ? ಅವನಿಗೂ ಹೊಳೀಲಿಲ್ಲ, ನನಗೂ ಇಲ್ಲ. ಅಭ್ಯಾಸ ನೋಡಿ.

“ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ. ‘ಸಾಕು, ತೆಗೀರಿ.’ ತೆಗೀಲಿಕ್ಕೆ ಹೋದೆ... ನನ್ನ ಕೈಯ ಮೇಲೆ ಇನ್ನೊಂದು ಕೈ ಬಿತ್ತು. ತಣ್ಣಗೆ. ಸಿಪ್ಪೆಯ ಹೊಗೆಯ ವಾಸನೆ. ಕಿವಿಯ ಹತ್ತಿರ ಕೇಳಿದಳು, ‘ಹೆಗಲು ಮುಟ್ಟಿದ್ರಾ ಮಾವ?’

“ಮರುದಿನ ಪೇಟೆಯವರು ನನ್ನ ಬೆರಳು ಬಿಡಿಸಿ ತೆಗೆದ್ರು. ಒಳಗೆ ಅವನ ಕನ್ನಡಕ ಇತ್ತು, ಅವನಿರ್ಲಿಲ್ಲ. ಬಾಗಿಲು ಹಾಕಿದ ಕೂಡಲೇ ಪುನಃ ಬಡಿತ ಶುರು. ಇಲ್ಲಿಂದ ಎಷ್ಟು ಸಲ ಓಡಿದೆ! ಎಲ್ಲಿ ಹೋದ್ರೂ ಈ ಕೈ ಚಿಲಕ ಹುಡುಕ್ತದೆ. ಸಾಕಾಗಿ ಬಂದು ಇಲ್ಲೇ ಕೂತೆ. ಮರದ ತುಂಡು ಅಂತ ಅಂದ್ಕೊಂಡಿರಲ್ಲ ನೀವು? ಸರಿಯಾಗಿ ಕೇಳಿ...”

ಎಲ್ಲರೂ ಕಿವಿಗೊಟ್ಟರು. ಬಡಿತ ಗೋಡೆಯದಾಗಿರಲಿಲ್ಲ. ಶಶಿಪ್ರಭಾ ಮುದುಕನತ್ತ ಬಾಗಿ ಕೇಳಿದಳು. “ಅಜ್ಜ, ನಾನು ಹೆಗಲು ಮುಟ್ಟಿದ್ರೆ ನಿಮಗೆ ಬಿಡುಗಡೆ ಆಗ್ಲಿಕ್ಕಿಲ್ವಾ?”

“ಇಲ್ಲ ಟೀಚರೇ. ಡೈರೆಕ್ಟರೇ ಮುಟ್ಟಬೇಕು.”

ಅಷ್ಟರಲ್ಲಿ ಬಡಿತ ನಿಂತಿತು. ಯಾರೋ ಹೆಗಲು ಮುಟ್ಟಿದವನಂತೆ ಸಂಕಪ್ಪ ಬೆಚ್ಚಿ, ಎದುರಿಗೆ ಕುಳಿತವರ ಕೈಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ಅವರವರ ಮಡಿಲಲ್ಲೇ ಇದ್ದವು. ಅವನು ತನ್ನ ಹೆಗಲ ಕಡೆಗೆ ಮಾತ್ರ ತಿರುಗಲಿಲ್ಲ.

“ಹಾಗಾದ್ರೆ...” ಎಂದ, “ಇನ್ನು ತೆಗೀಬೇಕಾಯ್ತಲ್ಲ.”