ಎಂಜಲಾಗದ ಕೈ

ಆ ಊರಿಗೆ ಹೆಸರಿಲ್ಲ, ಆ ಕಾಲಕ್ಕೆ ಲೆಕ್ಕವಿಲ್ಲ. ನೀವು ಹೂಂಗುಟ್ಟಿದರೆ ಕಥೆ ನಡೆಯುತ್ತದೆ, ಸುಮ್ಮನಾದರೆ ಅಲ್ಲೇ ಕೂರುತ್ತದೆ. ಹೂಂ ಅನ್ನಿ ಮತ್ತೆ.

ಪರದೇಶದ ದಂಡೊಂದು ಆ ಊರನ್ನು ಹಿಡಿದು ಕೂತಿತ್ತು. ಊರ ಕಣಜಕ್ಕೆ ಬೀಗ, ಬೀಗದ ಕೀಲಿ ದಂಡಿನ ಸರದಾರನ ಸೊಂಟದಲ್ಲಿ. ಒಂದು ದಿನ ಅವರ ರಾಜ ಹೇಳಿಕಳಿಸಿದ, ಸಾಕು, ಹಿಂದಿರುಗಿ ಬನ್ನಿ ಅಂತ. ಸರದಾರ ಊರವರನ್ನು ಕರೆದ. ಹೊತ್ತು ಮುಳುಗುವುದರೊಳಗೆ ನಿಮ್ಮಲ್ಲೊಬ್ಬರು ಕೀಲಿ ತೆಗೆದುಕೊಂಡು ಊರು ಆಳಿಕೊಳ್ಳಿ, ಯಾರೂ ತೆಗೆದುಕೊಳ್ಳದಿದ್ದರೆ ನಾವು ಇಲ್ಲೇ ಇರುತ್ತೇವೆ ಅಂದ. ಮಳೆ ಬಿದ್ದು ಹೊಲ ಹದವಾಗಿತ್ತು. ಬಿತ್ತನೆ ಬೀಜವೆಲ್ಲ ಆ ಕಣಜದೊಳಗೆ. ಊರಿನ ಗತಿ ಏನು, ಹೇಳಿ?

ಊರಿಗೆ ಮೂರು ಕೇರಿ, ಮೂವರು ಯಜಮಾನರು. ಮೇಲಿನ ಕೇರಿಗೆ ಚೆನ್ನವೀರಪ್ಪ, ನಡುಕೇರಿಗೆ ಪುಟ್ಟಮಲ್ಲಯ್ಯ, ಕೆಳಕೇರಿಗೆ ಹೊನ್ನೇಗೌಡ. ಕೀಲಿ ನನಗೆ ಅಂದ ಒಬ್ಬ. ನನಗೆ ಅಂದ ಇನ್ನೊಬ್ಬ. ನನಗಲ್ಲದೆ ಯಾರಿಗೆ ಅಂದ ಮತ್ತೊಬ್ಬ. ಒಂದೇ ಪಂಕ್ತಿಯಲ್ಲಿ ಕೂತು ಉಂಡರೆ ಮನಸ್ಸು ಕೂಡೀತೆಂದು ಹೆಂಗಸರು ಅಡುಗೆ ಮಾಡಿದರು. ಇಡೀ ಊರೇ ಎಲೆ ಮುಂದೆ ಕೂತಿತು. ಬಡಿಸಿದವನು ಕರಿಸಿದ್ದ ಎಂಬಾತ. ಅದೇ ಊರಿನವನು, ಅಷ್ಟು ವರ್ಷವೂ ದಂಡಿಗೆ ಬಡಿಸಿದವನು, ಯಾರ ಮನೆಯಲ್ಲಿ ಭತ್ತ ಬಚ್ಚಿಟ್ಟಿದ್ದಾರೆಂದು ಸರದಾರನ ಕಿವಿಯಲ್ಲಿ ಊದಿದವನು. ಅವನ ಮುಖ ಯಾರೂ ನೋಡಲಿಲ್ಲ. ಸಾರು ಮಾತ್ರ ಇನ್ನಷ್ಟು ಹಾಕಿಸಿಕೊಂಡರು.

ಊಟ ಮುಗಿಯಿತು. ಉಣ್ಣದೆ ಜಗಲಿಯ ಮೇಲೆ ಕಾಯುತ್ತಿದ್ದ ಸರದಾರ ಎದ್ದು ಕೀಲಿ ಚಾಚಿದ. ಮೂವರೂ ಎದ್ದರು, ಮೂವರೂ ನಿಂತರು. ಬಲಗೈ ಎಂಜಲು. ಎಡಗೈಯಲ್ಲಿ ಲಕ್ಷ್ಮಿಯನ್ನು ಈಸಿಕೊಳ್ಳುವುದುಂಟೆ? ಕೈ ತೊಳೆಯಬೇಕು. ಅಂಗಳದಲ್ಲಿ ನೀರಿನ ಚೊಂಬು ಒಂದೇ. ಮೊದಲು ತೊಳೆದವನಿಗೆ ಕೀಲಿ!

ಮೇಲಿನ ಕೇರಿಯವರು ಮೊದಲು ಎಂದ ಚೆನ್ನವೀರಪ್ಪ. ವಯಸ್ಸಿನಲ್ಲಿ ಹಿರಿಯ ನಾನು ಎಂದ ಪುಟ್ಟಮಲ್ಲಯ್ಯ. ಬಾವಿ ತೋಡಿಸಿದ್ದು ನಮ್ಮಪ್ಪ, ನೀರು ನನ್ನದು ಎಂದ ಹೊನ್ನೇಗೌಡ. ಒಬ್ಬ ಚೊಂಬು ಮುಟ್ಟಿದರೆ ಇಬ್ಬರು ಎಳೆದರು. ನೀರು ಚೆಲ್ಲಿತು, ತಂದರು, ಚೆಲ್ಲಿತು, ತಂದರು, ಮತ್ತೂ ಚೆಲ್ಲಿತು. ಬೆರಳ ಮೇಲಿನ ಅನ್ನ ಒಣಗಿ ಅಂಟಾಯಿತು. ಸೂರ್ಯ ಗುಡ್ಡದ ನೆತ್ತಿಗೆ ಇಳಿದ. ಸರದಾರನ ಸಿಪಾಯಿಗಳು ಕಟ್ಟಿದ ಗಂಟು ಬಿಚ್ಚತೊಡಗಿದರು.

ಕರಿಸಿದ್ದ ಸಾರಿನ ಬಕೆಟ್ಟು ಕೆಳಗಿಟ್ಟ. ಹೆಗಲ ಮೇಲಿನ ವಸ್ತ್ರಕ್ಕೆ ಕೈ ಒರೆಸಿದ. ಬಲಗೈ ಚಾಚಿದ.

"ಬಡಿಸಿದವನು ಇನ್ನೂ ಉಂಡಿಲ್ಲ ಸ್ವಾಮಿ. ಈ ಕೈ ಎಂಜಲಾಗಿಲ್ಲ."

ಸರದಾರ ಒಮ್ಮೆ ನಕ್ಕು ಕೀಲಿ ಕೊಟ್ಟ. ಕುದುರೆ ಹತ್ತಿದ. ದಂಡು ಹೊರಟಿತು.

ಊರೆಲ್ಲ ಬಾಯಿಬಿಟ್ಟು ನೋಡಿತು. ತಪ್ಪು ಹಿಡಿಯೋಣವೆಂದರೆ ಯಾವ ಪದ್ಧತಿ ಮುರಿದಿದ್ದಾನೆ? ಕರಿಸಿದ್ದ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿ ಚೊಂಬು ಎತ್ತಿಕೊಂಡ.

"ಬನ್ನಿ ಯಜಮಾನ್ರೇ, ಕೈ ತೊಳಕೊಳ್ಳಿ. ಸಾಲಾಗಿ ನಿಂತ್ಕೊಳ್ಳಿ. ಯಾರು ಮೊದಲು ಅಂತ ನಾನು ಹೇಳ್ತೀನಿ."

ಮೂವರೂ ನಿಂತರು.

ಬೀಜ ಸಿಕ್ಕಿತೋ? ಸಿಕ್ಕಿತು, ಅವನು ಅಳೆದು ಕೊಟ್ಟಷ್ಟು. ಕಥೆ ಅವರ ಊರಿಗೆ ಹೋಯಿತು, ನಾವು ನಮ್ಮ ಮನೆಗೆ.