ಅಳಿಸುವ ಗುಂಡಿ

ರಿಪೇರಿ ಅಂಗಡಿಯಲ್ಲಿ ನನ್ನ ಮುಂದೆ ನಡುವಯಸ್ಸಿನ ಅಕ್ಕ, ತಮ್ಮ ನಿಂತಿದ್ದರು. ಅವರು ತಂದಿದ್ದ ಕ್ಯಾಮೆರಾ ಒಳ್ಳೇ ಇಟ್ಟಿಗೆಯ ಹಾಗಿತ್ತು. ಡಿಜಿಟಲ್ ಎಂಬುದು ಆಗತಾನೇ ಬಂದ ಕಾಲದ್ದು. ಅಂಗಡಿಯವನು ಅದನ್ನು ಬಿಚ್ಚಿ ಒರೆಸುತ್ತಿದ್ದ.

“ಇದನ್ನಿಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯೋ?”

“ಆಗ ಇದೇ ದೊಡ್ಡದಲ್ವೇನಕ್ಕಾ? ರೀಲ್ ಬೇಡ, ತೊಳೆಸೋದು ಬೇಡ, ತೆಗೆದ ತಕ್ಷಣ ನೋಡಬಹುದಿತ್ತು.”

“ನಾಲ್ಕು ಫೋಟೋಗೆ ಸೆಲ್ ಖಾಲಿ. ನೀನು ಗುಂಡಿ ಒತ್ತಿ, ಅದು ತೆಗೆಯೋಷ್ಟರಲ್ಲಿ ನಕ್ಕವರ ಮುಖ ಬಾಡಿಹೋಗಿರೋದು.”

“ಚೆನ್ನಾಗಿ ಬರದಿದ್ರೆ ಅಳಿಸಬಹುದಿತ್ತಲ್ಲ.”

“ಅದೇ ಕಣೋ ಆಗಿದ್ದು. ರೀಲ್ ಕಾಲದಲ್ಲಿ ಅಮ್ಮ ಕಣ್ಣು ಮಿಟುಕಿಸಿದ್ದು, ಆಕಳಿಸಿದ್ದು ಎಲ್ಲಾ ಆಲ್ಬಮ್ಮಲ್ಲಿದೆ. ಇದು ಬಂದ್ಮೇಲೆ ಒಂದೂ ಇಲ್ಲ.”

“ತೆಗೀತಿದ್ದೆನಲ್ಲಾ.”

“ತೆಗೀತಿದ್ದೆ. ಅಮ್ಮ ಇಸ್ಕೊಂಡು ನೋಡಿ, ‘ಥೂ, ದೆವ್ವದ ಹಾಗಿದೀನಿ, ಅಳಿಸೋ’ ಅನ್ನೋಳು. ನೀನು ಅಳಿಸೋನು. ಅವಳ ಕೊನೇ ಆರು ವರ್ಷದ ಫೋಟೋಗಳಲ್ಲಿ ಅವಳೇ ಇಲ್ಲ.”



“ನಾಳೆ ಇನ್ನೊಂದು ತೆಗೆದ್ರಾಯ್ತು ಅಂದ್ಕೊಂಡಿದ್ದೆ ಅಕ್ಕಾ.”

ಅಂಗಡಿಯವನು ಹೊಸ ಸೆಲ್ ಹಾಕಿ ಕೊಟ್ಟ. “ಒಂದು ತೆಗೆದು ನೋಡಿ ಸಾರ್.”

ತಮ್ಮ ಅಕ್ಕನತ್ತ ಹಿಡಿದು ಗುಂಡಿ ಒತ್ತಿದ. ಅವಳು ಮುಖ ಗಂಟಿಕ್ಕಿ, ಸೋತು ನಕ್ಕು, ಕಣ್ಣೊರೆಸಿಕೊಳ್ಳಲು ಕೈಯೆತ್ತಿದ ಮೇಲೆ ಕ್ಯಾಮೆರಾ ನಿಧಾನವಾಗಿ ಕ್ಲಿಕ್ ಎಂದಿತು.

“ಕೊಡಿಲ್ಲಿ, ನೋಡ್ತೀನಿ. ಥೂ, ದೆವ್ವದ ಹಾಗಿದೀನಿ. ಅಳಿಸೋ.”

ತಮ್ಮ ಕ್ಯಾಮೆರಾ ಕಸಿದುಕೊಂಡು ಚೀಲಕ್ಕಿಳಿಸಿದ.

“ಅಳಿಸಲ್ಲ. ನಡಿಯಕ್ಕಾ.”

ಇಬ್ಬರೂ ಮೆಟ್ಟಿಲಿಳಿದು ಹೋದರು.