ಕೈ ಯೋಚನೆ ಮಾಡಬಾರದು

ಸಭೆಯ ಅಧ್ಯಕ್ಷರೂ ಈ ತರಬೇತಿ ಶಾಲೆಯ ಮುಖ್ಯಸ್ಥರೂ ಆದ ಹಿರಿಯರೇ, ಎದೆಯ ಮೇಲೆ ಅಷ್ಟೊಂದು ಪದಕ ಹೊತ್ತೂ ನೆಟ್ಟಗೆ ಕುಳಿತಿರುವ ಮುಖ್ಯ ಅತಿಥಿಗಳೇ, ಇಸ್ತ್ರಿ ಮುರಿಯದ ಹಾಗೆ ಉಸಿರು ಹಿಡಿದು ಕುಳಿತಿರುವ ವಾಯುಪಡೆಯ ಅಧಿಕಾರಿಗಳಾದ ಮಕ್ಕಳೇ, ಅವರ ಮನೆಯವರೇ, ಚಹಾ ಯಾವಾಗ ಬರುತ್ತದೋ ಎಂದು ಬಾಗಿಲು ನೋಡುತ್ತಿರುವ ಹಿಂದಿನ ಸಾಲಿನ ಸಭಿಕರೇ,

ತರಬೇತಿ ಮುಗಿದ ದಿನ ಮನೆಯವರ ಪರವಾಗಿ ಒಬ್ಬರು ಎರಡು ಮಾತಾಡಬೇಕು ಎಂಬುದು ಇಲ್ಲಿಯ ಪದ್ಧತಿಯಂತೆ. ಚೀಟಿ ಎತ್ತಿದರಂತೆ, ನನ್ನ ಮೊಮ್ಮಗಳ ಹೆಸರು ಬಂತಂತೆ. ಅವಳ ಗಂಡ ಹಡಗಿನ ಇಂಜಿನಿಯರು, ಈಗ ಯಾವ ಸಮುದ್ರದ ಮೇಲಿದ್ದಾನೋ ಅವನಿಗೇ ಗೊತ್ತು. ಅವಳಮ್ಮ, ಅಂದರೆ ನನ್ನ ಮಗಳು, ಮೈಕು ಕಂಡರೆ ನಾಲಿಗೆ ಒಣಗಿಸಿಕೊಳ್ಳುವವಳು. ಉಳಿದವಳು ನಾನು. ನಾನು ಓದಿದ್ದು ಊರ ಶಾಲೆಯಲ್ಲಿ, ಮೂರನೆಯ ತರಗತಿಯವರೆಗೆ. ಆಮೇಲೆ ಮೇಷ್ಟ್ರು ಬೇರೆ ಊರಿಗೆ ಹೋದರು, ನಾನು ಅಡುಗೆಮನೆಗೆ ಹೋದೆ.

ನಾನು ಏನು ಹೇಳಬೇಕೆಂದು ಶಾಲೆಯವರು ಬರೆದೂ ಕೊಟ್ಟಿದ್ದರು: ಧನ್ಯವಾದ, ಹೆಮ್ಮೆ, ಮತ್ತೆ ಧನ್ಯವಾದ. 'ಅಜ್ಜೀ, ಬರೆದಷ್ಟೇ ಓದು, ಕೈಮುಗಿ, ಇಳಿ' ಎಂದು ನನ್ನ ಮೊಮ್ಮಗಳು ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಓದೋಣವೆಂದರೆ ಕನ್ನಡಕ ಮನೆಯಲ್ಲಿ ಉಳಿದಿದೆ. ಏನು ಮಾಡಲಿ? ಅಜ್ಜಿಗೆ ಅರಿವೆ ಚಿಂತೆ ಅನ್ನುತ್ತದೆ ಗಾದೆ. ಉಳಿದರ್ಧ ಈ ಸಭೆಯಲ್ಲಿ ಹೇಳುವಂಥದ್ದಲ್ಲ. ಗೊತ್ತಿದ್ದವರು ಒಳಗೊಳಗೇ ನಕ್ಕುಬಿಡಿ.

ನಾನು ಈ ಊರಿಗೆ ಬಂದದ್ದು ಕೂಸು ನೋಡಿಕೊಳ್ಳಲು. ಮೊಮ್ಮಗಳು ಹೆಲಿಕಾಪ್ಟರ್ ಹಾರಿಸುವವಳು. ಹಿಮ ಬಿದ್ದ ಬೆಟ್ಟಗಳ ಮೇಲೆ ಕಾವಲಿರುವ ಸೈನಿಕರಿಗೆ ಕಾಯಿಲೆಯಾದರೆ, ಗಾಯವಾದರೆ, ಹೋಗಿ ಎತ್ತಿಕೊಂಡು ಬರುವ ಕೆಲಸ. ಬಾಣಂತನ ಮುಗಿದ ಮೇಲೆ ಮತ್ತೆ ಹಾರುತ್ತಾಳೆಂದು ನಾನು ತಿಳಿದಿದ್ದರೆ, ದೊಡ್ಡ ಹುದ್ದೆಗೆ ಏರುವ ಮೊದಲು ಈ ತರಬೇತಿ ಆಗಲೇಬೇಕು ಎಂದು ಆದೇಶ ಬಂತು. ಒಂದು ವರ್ಷ. ಹಾರಾಟವಿಲ್ಲ, ಬರೀ ತರಗತಿ.

ನನಗೆ ಚಿಕ್ಕಂದಿನಿಂದ ಒಂದು ಚಪಲ: ಏನಾದರೂ ಕಂಡರೆ, ಅದು ಯಾಕೆ ಹಾಗೆ ಎಂದು ಕೇಳಬೇಕು. ಮೊದಲ ದಿನ ಸಂಜೆ ಅವಳು ಬಂದು ಶೂ ಬಿಚ್ಚುವ ಮೊದಲೇ ಕೇಳಿದೆ.

'ಏನೇ ಕಲ್ತೆ ಇವತ್ತು?'

'ಕಾಗದದ ಅಂಚಲ್ಲಿ ಎಷ್ಟು ಜಾಗ ಬಿಡಬೇಕು ಅಂತ ಕಲ್ತೆ ಅಜ್ಜಿ.'

'ಹಾರೋರಿಗೆ ಅದ್ಯಾಕೆ?'

'ಅಂಚು ತಪ್ಪಿದರೆ ಮಾರ್ಕು ಹೋಗುತ್ತೆ.'

ಇದು ಮೊದಲ ದಿನವಲ್ಲವೇ, ಅ ಆ ಇ ಈ ಇರಬೇಕು ಎಂದುಕೊಂಡೆ. ಮರುವಾರ ಕೇಳಿದೆ. ನೂರಾರು ಲಾರಿಗಳನ್ನು ನದಿ ದಾಟಿಸುವ ಸೇತುವೆ ಕಟ್ಟುವ ಪಾಠವಂತೆ.

'ನಿನ್ನ ಹತ್ತಿರ ಲಾರಿ ಇದೆಯೇನೇ?'

'ಇಲ್ಲ.'

'ಸೇತುವೆ ಕಟ್ಟೋಕೆ ನಿನ್ನನ್ನ ಕರೀತಾರಾ?'

'ಇಲ್ಲ ಅಜ್ಜಿ. ಅದಕ್ಕೆ ಬೇರೆ ಜನ ಇದ್ದಾರೆ.'

'ಮತ್ತೆ ನಿನಗೆ ನದಿ ಅಡ್ಡ ಬಂದ್ರೆ ಏನ್ಮಾಡ್ತೀ?'

'ಮೇಲಿಂದ ಹೋಗ್ತೀನಿ.'

ಕೂಸು ಕೂಡ ನಕ್ಕಿತು, ಸುಳ್ಳಲ್ಲ.

ಊಟಕ್ಕಿಲ್ಲದ ಉಪ್ಪಿನಕಾಯಿ ನೆಕ್ಕಿದರೆಷ್ಟು, ಬಿಟ್ಟರೆಷ್ಟು ಎನ್ನುತ್ತಾರಲ್ಲ, ಅದೇ ನೆನಪಾಯಿತು. ಆದರೆ ದೊಡ್ಡವರು ಸೇರಿ ಮಾಡಿದ ಪಾಠ. ಏನೋ ಕಾರಣವಿರಬೇಕು, ಆ ಕಾರಣ ಯಾವುದು? ತಿಳಿದುಕೊಳ್ಳಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ. ಅಷ್ಟರಲ್ಲಿ ಪರೀಕ್ಷೆ ಬಂತು. ನದಿಯ ಆಚೆ ದಡದಲ್ಲಿ ಗಾಯಗೊಂಡವರಿದ್ದಾರೆ, ಸೇತುವೆ ಮುರಿದಿದೆ, ಏನು ಮಾಡುತ್ತೀರಿ ಎಂಬುದು ಪ್ರಶ್ನೆ. ನನ್ನ ಮೊಮ್ಮಗಳು ಒಂದೇ ಸಾಲು ಬರೆದಳು: ಹೆಲಿಕಾಪ್ಟರ್ ಕಳಿಸಿ ಎತ್ತಿಕೊಂಡು ಬರುತ್ತೇನೆ. ಸೊನ್ನೆ ಬಂತು. ಸರಿಯುತ್ತರ ಏನೆಂದರೆ, ಸೇತುವೆ ಕಟ್ಟುವವರೆಗೆ ಕಾಯಬೇಕು.

ಆ ಪಾಠ ಹೇಳುವ ಅಧಿಕಾರಿಗೆ ನಮ್ಮ ಅಡುಗೆಮನೆಯಲ್ಲಿ ಸೇತುವೆ ಮೇಷ್ಟ್ರು ಎಂದು ಹೆಸರು. ಅಲ್ಲಿ ಎರಡನೆಯ ಸಾಲಿನಲ್ಲಿ ತಲೆ ತಗ್ಗಿಸಿದ್ದಾರೆ, ಅವರೇ. ತಗ್ಗಿಸಬೇಡಿ ಮೇಷ್ಟ್ರೇ, ನಿಮ್ಮ ಮರ್ಯಾದೆ ತೆಗೆಯಲು ನಾನು ಬಂದಿಲ್ಲ. ಕೂಸನ್ನು ನೋಡಲು ಒಂದು ದಿನ ಮನೆಗೆ ಬಂದಿದ್ದರು. ಚಹಾ ಕೊಟ್ಟು ಕೇಳಿಯೇಬಿಟ್ಟೆ.

'ಅಲ್ಲಪ್ಪಾ, ಸೇತುವೆ ಕಟ್ಟೋ ತನಕ ಆ ಗಾಯ ಆದೋರು ಏನ್ಮಾಡ್ತಾರೆ?'

'ಪ್ರಶ್ನೆ ಇರೋದು ಸೇತುವೆ ಬಗ್ಗೆ ಅಜ್ಜಿ. ಗಾಯ ಆದೋರ ಬಗ್ಗೆ ಅಲ್ಲ.'

ಹೇಳಿದ ಮೇಲೆ ಅವರಿಗೇ ಒಂಥರಾ ಆಯಿತು. ಲೋಟವನ್ನು ತಿರುಗಿಸುತ್ತಾ ಕುಳಿತರು. ಆಮೇಲೆ ಮೆಲ್ಲಗೆ ಹೇಳಿದರು: 'ನಾನೂ ಹಾರ್ತಿದ್ದೋನೇ ಅಜ್ಜಿ. ನನಗೂ ಇದನ್ನೇ ಕಲಿಸಿದ್ರು. ಚೆನ್ನಾಗಿ ಕಲ್ತೆ ಅಂತ ಇಲ್ಲೇ ಇಟ್ಕೊಂಡ್ರು.'

ನೋಡಿ, ಇದು ನನಗೆ ಬಹಳ ಕುತೂಹಲದ ಸಂಗತಿಯಾಗಿ ಕಂಡಿತು. ಚೆನ್ನಾಗಿ ಹಾರುವವರನ್ನು ಆರಿಸಿ ಇಲ್ಲಿಗೆ ತರುತ್ತೀರಿ. ಇಲ್ಲಿ ಚೆನ್ನಾಗಿ ಕಲಿತವರನ್ನು ಆರಿಸಿ ಮೇಜಿನ ಮುಂದೆ ಕೂರಿಸುತ್ತೀರಿ. ಹಾಗಾದರೆ ಆಕಾಶದಲ್ಲಿ ಉಳಿಯುವವರು ಯಾರು? ಗೊತ್ತಿದ್ದವರು ಯಾರಾದರೂ ಹೇಳಿ, ನಾನು ಕಲಿಯುವವಳು.

ನಾನು ಈ ತರಬೇತಿಯನ್ನು ಬೈಯುತ್ತಿದ್ದೇನೆ ಎಂದುಕೊಂಡಿರೇನು? ಇಲ್ಲ. ನಿಜ ಹೇಳಬೇಕೆಂದರೆ, ಇದಕ್ಕೆ ನನ್ನಷ್ಟು ಋಣಿಯಾದವರು ಈ ಸಭೆಯಲ್ಲಿ ಇನ್ನೊಬ್ಬರಿಲ್ಲ. ಅವಳು ಬೆಟ್ಟದ ಮೇಲೆ ಹಾರುತ್ತಿದ್ದಾಗ ನಮ್ಮೂರಲ್ಲಿ ಗಾಳಿ ಬೀಸಿದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಬೆಟ್ಟ ಎಲ್ಲೋ, ನಮ್ಮೂರು ಎಲ್ಲೋ! ಆದರೂ ಹಿತ್ತಲಲ್ಲಿ ಬಟ್ಟೆ ಹಾರಾಡಿದರೆ ಸಾಕು, ಒಳಗೆ ಬಂದು ಕೂರುತ್ತಿದ್ದೆ. ನನ್ನ ಮಗಳು ರೇಡಿಯೋದಲ್ಲಿ ಸುದ್ದಿ ಹಾಕುವುದನ್ನೇ ಬಿಟ್ಟಿದ್ದಳು. ಬಾಗಿಲಿಗೆ ಅಂಚೆಯವನು ಬಂದರೂ ಮೊದಲು ಅವನ ಮುಖ ನೋಡುತ್ತಿದ್ದೆವು, ಆಮೇಲೆ ಕೈ ನೋಡುತ್ತಿದ್ದೆವು.

ಈ ಒಂದು ವರ್ಷ ಹಾಗಿರಲಿಲ್ಲ. ಬೆಳಿಗ್ಗೆ ಚೀಲ ಹಾಕಿಕೊಂಡು ಹೋಗುತ್ತಿದ್ದಳು, ಸಂಜೆ ತನ್ನ ಎರಡು ಕಾಲ ಮೇಲೆ ನಡೆದು ಬರುತ್ತಿದ್ದಳು, ಕಾಗದದ ಅಂಚನ್ನು ಬೈಯುತ್ತಾ. ಬೈಯಲಿ ಬಿಡು, ಅಂಚಿನಿಂದ ಯಾರೂ ಸತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಗಾಳಿ ಬೀಸಿದರೆ ಕಿಟಕಿ ಹಾಕುತ್ತಿದ್ದೆ, ಅಷ್ಟೇ. ಈ ತರಬೇತಿ ಇನ್ನೂ ಎರಡು ವರ್ಷ ಎಳೆದರೆ ಇವರ ಗಂಟೇನು ಹೋಗುತ್ತದೆ ಎಂದೂ ಅನ್ನಿಸಿತ್ತು. ಇದನ್ನು ಅವಳಿಗೆ ಇವತ್ತಿನವರೆಗೆ ಹೇಳಿರಲಿಲ್ಲ. ಹೇಳಬೇಕೆಂದು ಎದ್ದವಳೂ ಅಲ್ಲ. ಮೈಕು ಹಿಡಿದರೆ ಬಾಯಿ ತಾನಾಗಿ ಹೋಗುತ್ತದೆ, ಯಾಕೋ ಕಾಣೆ.

ಇರಲಿ. ಹೋದ ತಿಂಗಳು ಒಂದು ರಜೆಯ ದಿನ. ಊಟವಾಗಿತ್ತು, ಕೂಸು ಮಲಗಿತ್ತು. ಸೌಟು ಕಾಣಿಸಲಿಲ್ಲವೆಂದು ಹುಡುಕುತ್ತಾ ಅವಳ ಕೋಣೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ತಗ್ಗಿನ ಸ್ಟೂಲಿನ ಮೇಲೆ ಕುಳಿತಿದ್ದಾಳೆ. ಕಣ್ಣು ಮುಚ್ಚಿದ್ದಾಳೆ. ನನ್ನ ಸೌಟು ಅವಳ ಎಡಗೈಯಲ್ಲಿದೆ, ಮೊಣಕಾಲುಗಳ ನಡುವೆ ಪೊರಕೆ ಕೋಲನ್ನು ನಿಲ್ಲಿಸಿ ಬಲಗೈಯಲ್ಲಿ ಹಿಡಿದಿದ್ದಾಳೆ, ಒಂದೊಂದು ಪಾದದಡಿ ಒಂದೊಂದು ಚಪ್ಪಲಿ. ಸೌಟನ್ನು ಮೆಲ್ಲಗೆ ಎತ್ತುತ್ತಾಳೆ, ಕೂಡಲೇ ಕೋಲು ಕೂದಲೆಳೆಯಷ್ಟು ಸರಿಯುತ್ತದೆ, ಎಡಪಾದ ಒತ್ತುತ್ತದೆ. ಬಾಯಲ್ಲಿ ಏನೋ ಗೊಣಗುತ್ತಿದ್ದಾಳೆ. ಹುಡುಗಿಗೆ ಏನಾದರೂ ಬಡಿದಿದೆಯೇ ಎಂದು ನನಗೆ ಗಾಬರಿಯಾಯಿತು.

'ಏನೇ ಇದು ವೇಷ?'

ಅವಳು ಬೆಚ್ಚಿಬೀಳಲಿಲ್ಲ. ಕಣ್ಣು ತೆರೆದು ತನ್ನ ಕೈಗಳನ್ನೇ ನೋಡಿಕೊಂಡಳು.

'ಅಜ್ಜೀ, ಕೈ ಯೋಚನೆ ಮಾಡ್ತಿದೆ' ಎಂದಳು. 'ಕೈ ಯೋಚನೆ ಮಾಡಬಾರದು.'

ಹಾರುವವರಿಗೆಲ್ಲ ಈ ಮಾತು ಅರ್ಥವಾಯಿತು, ನಿಮ್ಮ ಮುಖಗಳೇ ಹೇಳುತ್ತಿವೆ. ಉಳಿದವರಿಗೆ ನಾನು ಹೇಳುತ್ತೇನೆ, ನಾನೂ ಕೇಳಿ ತಿಳಿದದ್ದು. ಹೆಲಿಕಾಪ್ಟರಿನಲ್ಲಿ ಎರಡು ಕೈಗೂ ಎರಡು ಕಾಲಿಗೂ ಬೇರೆ ಬೇರೆ ಕೆಲಸ. ಒಂದು ಅಲುಗಿದರೆ ಉಳಿದ ಮೂರೂ ಅದನ್ನು ಸರಿದೂಗಿಸಬೇಕು. ಬೆಟ್ಟದ ಸಂದಿಯಲ್ಲಿ ಗಾಳಿ ತಳ್ಳಿದಾಗ ತಲೆಯನ್ನು ಕೇಳಿಕೊಂಡು ಬರಲು ಕೈಗೆ ಹೊತ್ತಿರುವುದಿಲ್ಲ. ನನ್ನ ಹಸುವಿನ ವಿಷಯವೇ ನೋಡಿ. ನೆಂಟರ ಮನೆಯಲ್ಲಿ ನಾಲ್ಕು ದಿನ ಹೆಚ್ಚು ಕಳೆದು ಬಂದು ಕೆಚ್ಚಲಿಗೆ ಕೈ ಹಾಕಿದರೆ ನಾನೇ ಸಾಕಿದ ಹಸು ನನ್ನನ್ನೇ ಒದೆಯುತ್ತದೆ. ಅದಕ್ಕೆ ಪ್ರಮಾಣಪತ್ರ ತೋರಿಸಿದರೆ ಸುಮ್ಮನಾಗುತ್ತದೆಯೇ? ಬೆಟ್ಟದ ಗಾಳಿ ಸುಮ್ಮನಾಗುತ್ತದೆಯೇ?

ಅವತ್ತು ಸ್ಟೂಲಿನ ಪಕ್ಕ ನೆಲದ ಮೇಲೆ ಕುಳಿತು ಕೇಳಿದೆ.

'ಬೆಟ್ಟಕ್ಕೆ ಹೋದ ತಕ್ಷಣ ಒಬ್ಬಳೇ ಹಾರಿಸ್ತೀಯಾ?'

'ಪಕ್ಕದಲ್ಲಿ ಒಬ್ಬ ಹೊಸಬ ಇರ್ತಾನೆ. ಈ ತರಬೇತಿ ಮುಗಿದ ಮೇಲೆ ನಾನೇ ಹಿರಿಯಳು.'

'ನಿನಗೆ ಹೇಳಿಕೊಡೋರು?'

'ಯಾರೂ ಇಲ್ಲ. ಈ ವರ್ಷಾನೂ ಅನುಭವದ ಲೆಕ್ಕಕ್ಕೆ ಬರುತ್ತೆ ಅಜ್ಜಿ. ಕಾಗದದ ಪ್ರಕಾರ ನಾನು ಹೋದ ವರ್ಷಕ್ಕಿಂತ ಈಗ ಹೆಚ್ಚು ಪಳಗಿದ್ದೀನಿ.'

'ಹೆಲಿಕಾಪ್ಟರ್ ಹಾರಿಸೋದು ಕಾಗದವೇನೇ? ಬಾಯಿ ಬಿಟ್ಟು ಕೇಳಬಾರದಾ, ಮೊದಲು ಸ್ವಲ್ಪ ದಿನ ಗುರುಗಳ ಜೊತೆ ಕೂರಿಸಿ ಅಂತ?'

'ಕೇಳಿದರೆ ಮಗು ಆದ ಮೇಲೆ ಹೆದರಿದಳು ಅಂತಾರೆ.'

'ಉಳಿದೋರು ಕೇಳಿದ್ರಾ?'

'ಯಾರೂ ಕೇಳಿಲ್ಲ. ಎಲ್ಲರ ಕೈಯೂ ಚೆನ್ನಾಗೇ ಇರಬೇಕು.'

ನನ್ನನ್ನು ದಂಗುಬಡಿಸಿದ್ದು ಈ ಕೊನೆಯ ಮಾತು. ಸಾವಿನ ಬಾಯಿಗೆ ಹಗ್ಗ ಬಿಟ್ಟು ಜನರನ್ನು ಎತ್ತಿಕೊಂಡು ಬರುವ ಧೈರ್ಯವಂತರು ನೀವು. ಒಂದು ಮಾತು ಕೇಳುವುದಕ್ಕೆ ಹೆದರುತ್ತೀರಲ್ಲ, ಇದು ಎಂಥ ಹೆದರಿಕೆ? ಇದನ್ನು ಎಲ್ಲಿ ಕಲಿಸುತ್ತಾರೆ? ಇದಕ್ಕೂ ಒಂದು ತರಗತಿ ಇದೆಯೇ?

ಮುಖ್ಯ ಅತಿಥಿಗಳೇ, ಯಾರು ಎಲ್ಲಿಗೆ ಹೋಗಬೇಕು, ಯಾವಾಗ ಹಾರಬೇಕು ಎಂದು ಬರೆಯುವ ಕೈ ನಿಮ್ಮದಂತೆ. ನನ್ನ ಮೊಮ್ಮಗಳು ಬರುವ ವಾರ ಬೆಟ್ಟಕ್ಕೆ ಹೊರಡುತ್ತಾಳೆ. ಅವಳನ್ನು ನೆಲದ ಮೇಲೆ ಉಳಿಸಿ ಎಂದು ನಾನು ಕೇಳುವುದಿಲ್ಲ. ಕೇಳಬೇಕೆಂಬ ಆಸೆ ಗಂಟಲಿನವರೆಗೆ ಬಂದಿದೆ, ನುಂಗಿಕೊಂಡಿದ್ದೇನೆ. ಸ್ಟೂಲಿನ ಮೇಲೆ ಕುಳಿತ ಆ ಮುಖ ನೋಡಿದ ಮೇಲೆ ಅದನ್ನು ಕೇಳುವ ಬಾಯಿ ನನಗಿಲ್ಲ. ಹಾರಲಿ. ಆದರೆ ಬೆಟ್ಟಕ್ಕೆ ಹೋಗುವ ಮೊದಲು, ಆ ಕೈ ಯೋಚನೆ ಬಿಡುವ ತನಕ, ಬಲ್ಲವರೊಬ್ಬರು ಪಕ್ಕದಲ್ಲಿ ಕೂರಲಿ. ಇಷ್ಟೇ ನಾನು ಕೇಳುವುದು.

ಇವಳೊಬ್ಬಳಿಗೆ ಯಾಕೆ ಎನ್ನುತ್ತೀರಾ? ನನಗೂ ಅದೇ ಕುತೂಹಲ. ಇವಳೊಬ್ಬಳದೇ ಹೀಗೋ, ಎಲ್ಲರದೂ ಹೀಗೋ? ಈಗಲೇ ನೋಡಿಬಿಡೋಣ. ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನೀವಿಬ್ಬರೂ ದಯಮಾಡಿ ಸ್ವಲ್ಪ ಕಣ್ಣು ಮುಚ್ಚಿಕೊಳ್ಳಿ. ನೀವು ನೋಡುತ್ತಿದ್ದರೆ ಈ ಮಕ್ಕಳು ಕೆಮ್ಮುವುದಿಲ್ಲ, ಇನ್ನು ಕೈ ಎತ್ತುತ್ತಾರೆಯೇ? ಮುಚ್ಚಿ ಸಾರ್, ಮುದುಕಿಯ ಮಾತಿಗೆ ಮುಚ್ಚಿ. ಹಾಂ, ಹಾಗೆ. ದೊಡ್ಡ ಮನಸ್ಸು ನಿಮ್ಮದು.

ಮಕ್ಕಳೇ, ಈಗ ನಿಮ್ಮನ್ನು ನೋಡುತ್ತಿರುವವಳು ನಾನೊಬ್ಬಳು, ನನಗೆ ಕನ್ನಡಕವೂ ಇಲ್ಲ. ಯಾರ ಕೈ ಯೋಚನೆ ಮಾಡುತ್ತಿದೆಯೋ, ಅವರು ಆ ಕೈ ಎತ್ತಿ.

ಯಾರೂ ಇಲ್ಲವೇ? ಎಲ್ಲರ ಕೈಯೂ ಬೆಣ್ಣೆಯ ಹಾಗೆ ಓಡುತ್ತಿದೆಯೇ? ಹಾಗಾದರೆ ನಾನೇ ತಪ್ಪು ತಿಳಿದೆ, ಕ್ಷಮಿಸಿ, ಇಳಿಯುತ್ತೇನೆ.

ಅಗೋ. ಎರಡನೆಯ ಸಾಲು. ಸೇತುವೆ ಮೇಷ್ಟ್ರೇ, ನಿಮ್ಮದೇ ಮೊದಲ ಕೈ! ದೇವರು ಚೆನ್ನಾಗಿಟ್ಟಿರಲಿ ನಿಮ್ಮನ್ನು. ಅವರ ಹಿಂದಿನ ಎತ್ತರದ ಹುಡುಗ. ಆ ಕಡೆ ಇಬ್ಬರು. ಕಂಬದ ಪಕ್ಕ ಮೂವರು. ಇನ್ನು ಎಣಿಸಲು ನನ್ನ ಕೈಲಾಗದು, ತೋಪಿನ ಹಾಗೆ ಎದ್ದಿವೆ. ಹಾಗೇ ಇರಿ, ಇಳಿಸಬೇಡಿ.

ನನ್ನವಳು ಮಾತ್ರ ಎತ್ತಿಲ್ಲ. ತುಟಿ ಕಚ್ಚಿಕೊಂಡು ನನ್ನನ್ನು ಸುಡುವ ಹಾಗೆ ನೋಡುತ್ತಿದ್ದಾಳೆ. ನೋಡು ಮಗಾ, ನೋಡು. ಆದರೆ ಒಮ್ಮೆ ನಿನ್ನ ಸುತ್ತಲೂ ನೋಡು. ಹೆದರಿದವಳು ನೀನೊಬ್ಬಳೇ ಅಂದ್ಕೊಂಡಿದ್ಯಲ್ಲ?

ಎತ್ತಿದಳು.

ಈಗ ಕಣ್ಣು ತೆರೆಯಿರಿ ಸಾರ್, ಇಬ್ಬರೂ. ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದನ್ನು ಆ ಕೈಗಳು ಹೇಳುತ್ತವೆ. ಇಷ್ಟು ಹೊತ್ತು ಮೂರನೆಯ ತರಗತಿಯವಳ ಮಾತು ಕೇಳಿದ ನಿಮಗೆಲ್ಲ ವಂದನೆ. ಮೊಮ್ಮಗಳು ನನ್ನ ಮೇಲೆ ಸಿಟ್ಟಾಗಿದ್ದಾಳೆ. ಆಗಲಿ. ಸಿಟ್ಟಾಗಲು ಅವಳು ಇದ್ದರೆ ಸಾಕು, ಇಳಿಸುವುದು ನನಗೆ ಗೊತ್ತು.

ನಮಸ್ಕಾರ.